ಅಗಸೂರಿನ ಮೇಲಿಂದ ಬವೇರಿಯಾಕ್ಕೆ

ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ಲೋಕದ ಜನರನ್ನೆಲ್ಲ ಊರೂರಿಗೆ ಕಳಿಸುವ ಹಟ್ಟಿಕೇರಿಯ ಮಂಗೇಶ ಸ್ವತಃ ಹುಬ್ಬಳ್ಳಿಯಿಂದ ಆಚೆಗೆ ಕಾಲಿಟ್ಟವನಲ್ಲ. ಹುಬ್ಬಳ್ಳಿಗೂ ಹೋಗಿದ್ದು ಒಂದೇ ಸಲ, ಅದೂ ಹಲ್ಲು ಕೀಳಿಸಿಕೊಳ್ಳುವುದಕ್ಕೆ. ಆದರೆ ಅವನ ದನಿ ಕೇಳಿದ ಪರವೂರಿನವರು ಇದನ್ನು ನಂಬಲಾರರು. "ಪಣಜಿ, ಪುಣೆ, ಮುಂಬೈ ಮಾರ್ಗವಾಗಿ ಹೋಗುವ ಪ್ರಯಾಣಿಕರ ಗಮನಕ್ಕೆ" ಎಂದು ಅವನು ಶುರು ಮಾಡಿದರೆ, ಪುಣೆಯಲ್ಲಿ ಈತನದೊಂದು ಬಂಗಲೆಯೂ ಮುಂಬೈ ಬಂದರಿನಲ್ಲಿ ಒಂದೆರಡು ಹಡಗೂ ಇರಬೇಕು ಎನಿಸುವಂಥ ಗತ್ತು. ದೇವರು ಅವನಿಗೆ ಕೊಟ್ಟ ಆಸ್ತಿ ಅದೊಂದೇ. ಅವನನ್ನು ಹಳ್ಳಕ್ಕೆ ಕೆಡವಿದ್ದೂ ಅದೇ.

ಮೇ ತಿಂಗಳ ರಜೆಯಲ್ಲಿ ಒಂದು ದಿನ ಊಟಕ್ಕೆ ಕೂತಾಗ ಮಗಳು ಪ್ರೇಕ್ಷಾ ಕೇಳಿದಳು: "ಅಪ್ಪಾ, ನೀ ಎಲ್ಲರನ್ನೂ ಕಳಸ್ತಿ. ನಮ್ಮನ್ನ ಯಾವಾಗ ಕಳಸೂದು?"

ಆರನೆಯ ತರಗತಿ ಮುಗಿಸಿದ್ದ ಪ್ರೇಕ್ಷಾ, ಕೇಳಿದ ಪ್ರಶ್ನೆಗೆ ಉತ್ತರ ಸಿಗುವವರೆಗೆ ಎದುರಿನ ಮನುಷ್ಯನನ್ನು ರೆಪ್ಪೆ ಬಡಿಯದೆ ನೋಡುವ ಬಗೆಯವಳು. ಅವಳ ತಮ್ಮ ಸಂಕೇತ ಇನ್ನೂ ಚಿಕ್ಕವ. ಬಸ್ಸಿನಲ್ಲಿ ಕಿಟಕಿ ಸಿಕ್ಕರೆ ಅವನಿಗೆ ಊರು ಯಾವುದಾದರೂ ಆದೀತು. ಮಗಳ ರೆಪ್ಪೆಗೆ ಹೆದರಿ ಮಂಗೇಶ, "ಈ ಸಲ ಬವೇರಿಯಾಕ್ಕೆ ಹೋಗುವಾ" ಎಂದುಬಿಟ್ಟ.

ಈ ಬವೇರಿಯಾ ಇದ್ದದ್ದು ಅರಬೈಲ್ ಘಟ್ಟದ ಮೇಲೆ. ಅಂಕೋಲೆಯಿಂದ ಯಲ್ಲಾಪುರದ ಬಸ್ಸು ಹತ್ತಿ, ಅಗಸೂರು ದಾಟಿ, ಘಟ್ಟ ಏರಿ ಇಳಿದುಕೊಂಡರೆ ಆಯಿತು. ಜರ್ಮನಿಯ ಬವೇರಿಯಾ ಸೀಮೆಯ ಬೆಟ್ಟದೂರೊಂದರಲ್ಲಿ ಬಹಳ ವರ್ಷ ಅಡುಗೆ ಮಾಡಿ ಮರಳಿ ಬಂದ ಕಾರವಾರದ ಸಾಹುಕಾರರೊಬ್ಬರು, ಆ ಊರಿನ ಮೇಲಿನ ಪ್ರೀತಿಗೆ ಕಾಡಿನಂಚಿನಲ್ಲಿ ಪ್ರವಾಸಿಗರಿಗೆಂದು ಅಂಥದೇ ಒಂದು ಊರು ಕಟ್ಟಿಸಿದ್ದರು. ಕೆತ್ತನೆಯ ಮರದ ಮನೆಗಳು, ಉಪ್ಪರಿಗೆ ತುಂಬ ಕೆಂಪು ಹೂವಿನ ಕುಂಡಗಳು, ಗಡಿಯಾರದ ಗೋಪುರ, ಸಂಜೆಗೊಮ್ಮೆ ಮಕ್ಕಳಿಗೆ ಯಂತ್ರದ ಹಿಮ. ಬಸ್ ಸ್ಟ್ಯಾಂಡಿನ ಕಂಬಕ್ಕೆ ಅಂಟಿಸಿದ್ದ ಅದರ ಜಾಹೀರಾತನ್ನು ಮಂಗೇಶ ಮೂರು ತಿಂಗಳಿಂದ ನೋಡುತ್ತಲೇ ಇದ್ದ.

ಇಷ್ಟರವರೆಗೆ ಎಲ್ಲವೂ ಶುದ್ಧ ಸತ್ಯ. ಕೆಟ್ಟದ್ದು ಮರುದಿನ ಸಂಜೆ, ಯುವಕ ಸಂಘದ ಕಟ್ಟೆಯ ಮೇಲೆ.

ಸಂಘದ ಅಧ್ಯಕ್ಷ ಉಮೇಶ ಹಿಂದಿನ ವರ್ಷ ಬ್ಯಾಂಕಾಕಿಗೆ ಹೋಗಿ ಬಂದಿದ್ದ. ಅಂದಿನಿಂದ ಆನೆಯ ಚಿತ್ರದ ಅಂಗಿಯನ್ನಲ್ಲದೆ ಬೇರೆ ತೊಡುತ್ತಿರಲಿಲ್ಲ. ಮಾತು ಚರಂಡಿಯದಿರಲಿ, ಚುನಾವಣೆಯದಿರಲಿ, ಕೊನೆಗೆ ಬ್ಯಾಂಕಾಕಿಗೇ ಬಂದು ನಿಲ್ಲುತ್ತಿತ್ತು.

"ಅಲ್ಲಿ ರಸ್ತೆ ಮೇಲೆ ಅನ್ನ ಹಾಕ್ಕಂಡು ಉಣ್ಣಬಹುದು ಮಾರಾಯಾ" ಎಂದ ಉಮೇಶ. "ನಿಂದೆಂತದು ಮಂಗೇಶಾ? ರಜೆಲಿ ಮಕ್ಕಳನ್ನ ಎಲ್ಲಿಗಾದ್ರೂ ಕರ್ಕಂಡು ಹೋಗ್ತ್ಯೋ, ಇಲ್ಲಾ ಮೈಕಿನ ಮುಂದೇಯೋ?"

ಮಂಗೇಶ ಎದೆ ಸೆಟೆಸಿ, ಮೈಕಿಲ್ಲದ ಜಾಗದಲ್ಲೂ ಮೈಕಿನ ದನಿ ತೆಗೆದ. "ಹೋಗ್ತೆ. ಹೆಂಡತಿ, ಮಕ್ಕಳ ಸಮೇತ ಬವೇರಿಯಾಕ್ಕೆ ಹೋಗ್ತೆ."

ಉಮೇಶ ಫೋನು ತೆಗೆದು ಹುಡುಕಿದ. ಅವನ ಮುಖದ ಬಣ್ಣ ಇಳಿಯಿತು. "ಜರ್ಮನಿಯಾ?"

ಈಗ ಮಂಗೇಶ 'ಅಲ್ಲ' ಅನ್ನಬೇಕಿತ್ತು. ಅನ್ನುವುದಕ್ಕೆ ಬಾಯಿಯನ್ನೂ ತೆರೆದ. "ಹಾಂಗಲ್ಲ, ಅಗಸೂರಿನ ಮೇಲೆ ಹೋದ್ರೆ..." ಎಂದು ಅರ್ಧ ಹೇಳುವಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯ ದೇವಕಿ, ತಲೆಯ ಮೇಲಿನ ಹುಲ್ಲುಹೊರೆ ಸಮೇತ ನಿಂತುಬಿಟ್ಟಳು.

"ಎಂತಾ? ಅಗಸಬರ್ಗಾ? ನಮ್ಮ ನಾಗಶ್ರೀ ಊರಿನ ಮೇಲೇ ಹೋಗ್ತ್ಯೇನೋ?"

ದೇವಕಿಯ ಅಕ್ಕನ ಮಗಳು ನಾಗಶ್ರೀ ಜರ್ಮನಿಯ ಆಗ್ಸ್‌ಬರ್ಗ್ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸ್. ಅಗಸೂರಿನಲ್ಲಿ ಹುಟ್ಟಿದ ಹುಡುಗಿ ಆಗ್ಸ್‌ಬರ್ಗ್ ಸೇರಿದ್ದು ದೇವರು ಸ್ಪೆಲ್ಲಿಂಗ್ ತಪ್ಪಿದ್ದರಿಂದ ಎಂದು ಊರಿನವರು ತಮಾಷೆ ಮಾಡುತ್ತಿದ್ದರು. ತಾಯಿಯಿಲ್ಲದ ಅವಳನ್ನು ಸಾಕಿದವಳು ದೇವಕಿಯೇ. ನಾಗಶ್ರೀ ಈಗ ಏಳು ತಿಂಗಳ ಬಸುರಿ.

"ಉಮೇಶಾ, ನೋಡು ನೋಡು, ಬವೇರಿಯಾದಲ್ಲೇ ಇದ್ಯಾ ಅಗಸಬರ್ಗ?"

ಉಮೇಶ ನೋಡಿದ. ಇತ್ತು. ಲೋಕದ ಭೂಪಟವೇ ಮಂಗೇಶನ ವಿರುದ್ಧ ಸಂಚು ಹೂಡಿದಂತಿತ್ತು. ಸತ್ಯ ಹೇಳುವ ಅವಕಾಶಗಳು ಆ ಸಂಜೆ ಅವನೆದುರು ಎಕ್ಸ್‌ಪ್ರೆಸ್ ಬಸ್ಸುಗಳಂತೆ ಬಂದು ನಿಂತವು, ಹಾರ್ನ್ ಹೊಡೆದವು, ಹೊರಟೂ ಹೋದವು. ಅಷ್ಟು ಹೊತ್ತಿಗೆ ಕಟ್ಟೆಯ ಮೇಲಿದ್ದವರೆಲ್ಲ ಎದ್ದು ಅವನಿಗೆ ಕೂರಲು ಜಾಗ ಬಿಟ್ಟಿದ್ದರು. ಅಂಥ ಜಾಗದಲ್ಲಿ ಒಮ್ಮೆ ಕೂತ ಮನುಷ್ಯ ಏಳುವುದು ಕಷ್ಟ.

ಮನೆಗೆ ಬಂದು ಹೆಂಡತಿ ಹೀರಾಳಿಗೆ ನಡೆದದ್ದನ್ನೆಲ್ಲ ಒಪ್ಪಿಸಿದ. ಹೀರಾ ಮೀನು ಹೆಚ್ಚುತ್ತಿದ್ದವಳು ಕತ್ತಿ ನಿಲ್ಲಿಸಿದಳು.

"ಅಲ್ಲಾ ಅಂತ ಹೇಳ್ಲಿಲ್ವಾ ನೀವು?"

"ಹೇಳೂಕೆ ಬಾಯಿ ತೆಗ್ದೆ."

"ತೆಗ್ದ ಬಾಯಿಂದ ಎಂತ ಬಂತು?"

"ಜರ್ಮನಿ ಬಂತು."

ಹೀರಾ ಮತ್ತೆ ಮೀನು ಹೆಚ್ಚತೊಡಗಿದಳು. ಆದರೆ ಆ ಬಂಗಡೆಗೆ ಅಷ್ಟು ಜೋರಿನ ಏಟು ಬೇಕಾಗಿರಲಿಲ್ಲ.

ಮುಂದಿನ ವಾರ ಹಟ್ಟಿಕೇರಿ ಜರ್ಮನಿಯ ಚಿಂತೆಯಲ್ಲಿ ನಿದ್ದೆಗೆಟ್ಟಿತು. ಕೇರಿಯ ಕೊನೆಯಲ್ಲಿರುವ ಸಂಧ್ಯಾ ಟೀಚರ್ ಪ್ರೇಕ್ಷಾಳನ್ನು ಕರೆದು ಜರ್ಮನಿಯ ನದಿಗಳ ಹೆಸರು ಬಾಯಿಪಾಠ ಮಾಡಿಸಿದರು. ಪ್ರೇಕ್ಷಾ ಬಾಯಿಪಾಠ ಮಾಡಿದಳು, ಆದರೆ ಮನೆಗೆ ಬಂದು ಅಪ್ಪನನ್ನು ರೆಪ್ಪೆ ಬಡಿಯದೆ ನೋಡಿದಳು. ಅಲ್ಲಿ ವಿಪರೀತ ಚಳಿಯಂತೆ ಎಂದು ಒಬ್ಬರು ಉಣ್ಣೆಯ ಸ್ವೆಟರು ಕೊಟ್ಟರು, ಇನ್ನೊಬ್ಬರು ಮಂಗನ ಟೋಪಿ ಕೊಟ್ಟರು. ಪಾಸ್‌ಪೋರ್ಟ್ ಯಾವಾಗ ಮಾಡಿಸಿದೆ ಎಂದು ಕೇಳಿದವರಿಗೆ ಮಂಗೇಶ, "ಅದೆಲ್ಲಾ ಈಗ ಮೊಬೈಲಿನಲ್ಲೇ ಆಗ್ತದೆ" ಎಂದು ಮೈಕಿನ ದನಿಯಲ್ಲಿ ಹೇಳಿದ. ಆ ದನಿಗೆ ಯಾರೂ ಮರುಪ್ರಶ್ನೆ ಹಾಕಿದ್ದಿಲ್ಲ.

ಇದೆಲ್ಲ ಹೇಗೋ ನಡೆದುಹೋಗುತ್ತಿತ್ತು. ಹೊರಡುವ ಹಿಂದಿನ ದಿನ ದೇವಕಿ ಒಂದು ರಟ್ಟಿನ ಪೆಟ್ಟಿಗೆ ಎತ್ತಿಕೊಂಡು ಬಂದಳು. ತೆರೆದರೆ, ಹುಲ್ಲಿನ ಮೆತ್ತೆಯ ಮೇಲೆ ಒಂದಕ್ಕೊಂದು ತಾಗದಂತೆ ಇಟ್ಟ ಕರಿ ಇಶಾಡ ಮಾವಿನಹಣ್ಣುಗಳು. ಅಂಕೋಲೆಯ ಈ ಹಣ್ಣಿನ ಸಿಪ್ಪೆ ಕಾಗದದಷ್ಟು ತೆಳು, ರುಚಿ ಮಾತ್ರ ಇಹಕ್ಕೆ ಸಂಬಂಧಿಸಿದ್ದಲ್ಲ. ಹಣ್ಣಾದ ಮೇಲೆ ನಾಲ್ಕು ದಿನ ನಿಲ್ಲುವುದಿಲ್ಲ.

"ಈ ಸಲ ಮರ ಸಮ ಬಿಡ್ಲಿಲ್ಲ. ಇದ್ದದ್ದೇ ಇಷ್ಟು" ಎಂದಳು ದೇವಕಿ. "ನಾವ್ಯಾರೂ ಬಾಯಿಗೆ ಹಾಕ್ಲಿಲ್ಲ. ಅವಳು ಫೋನ್ ಮಾಡ್ದಾಗೆಲ್ಲ ಇಶಾಡ ಇಶಾಡ ಅಂತಾಳೆ. ಬಸುರಿ ಬಯಕೆ ತೀರ್ಸದೇ ಇದ್ರೆ ಹುಟ್ಟೂ ಶಿಶು ಕಿವಿ ಸೋರ್ತದೆ, ನಿಂಗೆ ಗೊತ್ತದ್ಯಲಾ ಹೀರಾ?"

ಹೀರಾ ಗಂಡನ ಮುಖ ನೋಡಿದಳು. ಮಂಗೇಶ ಹಣ್ಣಿನ ಮುಖ ನೋಡಿದ. ಹೇಳಲು ಇದೇ ಕಡೆಯ ಗಳಿಗೆ. ಆದರೆ ದೇವಕಿ ಪೆಟ್ಟಿಗೆಯ ಮುಚ್ಚಳವನ್ನು ಮಗುವಿನ ತಲೆ ಸವರುವಂತೆ ಸವರಿ, ಮೂಗು ಒರೆಸಿಕೊಳ್ಳುತ್ತ ಹೊರಟುಹೋದಳು. ಅಂದಿನಿಂದ ಮಂಗೇಶ ಕಣ್ಣು ಮುಚ್ಚಿದರೆ ಸಾಕು, ಎಲ್ಲಿಯೋ ಜರ್ಮನಿಯಲ್ಲಿ ಎರಡು ಪುಟ್ಟ ಕಿವಿಗಳು ತೊಟಕು ತೊಟಕೆಂದು ಸೋರುವುದು ಕಾಣುತ್ತಿತ್ತು.

ಹೊರಡುವ ಬೆಳಿಗ್ಗೆ ಇಡೀ ಕೇರಿ ಅಂಗಳಕ್ಕೆ ಬಂತು. ಕೊಟ್ಟವರ ಮನಸ್ಸು ನೋಯಬಾರದೆಂದು ನಾಲ್ವರೂ ಮೇ ತಿಂಗಳ ಧಗೆಯಲ್ಲಿ ಸ್ವೆಟರು ತೊಟ್ಟು ನಿಂತಿದ್ದರು. ಸಂಕೇತನ ಮಂಗನ ಟೋಪಿಯೊಳಗಿಂದ ಬೆವರು ಕಾಲುವೆಯಾಗಿ ಇಳಿಯುತ್ತಿತ್ತು. ಗೋವೆಯ ವಿಮಾನ ನಿಲ್ದಾಣದವರೆಗೂ ಬಿಟ್ಟು ಬರುತ್ತೇನೆಂದು ಉಮೇಶ ಜೀಪು ತಂದಿದ್ದ. ಮಂಗೇಶ ಕೈಮುಗಿದು, ಕಾಲು ಹಿಡಿಯುವುದೊಂದು ಬಾಕಿಯೆಂಬಂತೆ ಬೇಡಿಕೊಂಡು, ಅವನನ್ನು ಕಾರವಾರದ ಬಸ್ ಸ್ಟ್ಯಾಂಡಿನವರೆಗೆ ಮಾತ್ರ ಬರಲು ಒಪ್ಪಿಸಿದ.

ಹೀಗೆ ಪೂರ್ವಕ್ಕೆ ಹೋಗಬೇಕಾದ ಸಂಸಾರ ಉತ್ತರಕ್ಕೆ ಹೊರಟಿತು. ಕಾರವಾರದಲ್ಲಿ ಪಣಜಿ ಬಸ್ಸಿನ ಮುಂದೆ ನಿಲ್ಲಿಸಿ ಉಮೇಶ ಫೋಟೊ ತೆಗೆದ, ಊರಿನ ಗುಂಪಿಗೆ ಹಾಕಿದ, ಕಣ್ಣೊರೆಸಿಕೊಂಡ, ಮೀನು ಪೇಟೆಯ ಕಡೆ ಜೀಪು ತಿರುಗಿಸಿದ. ಜೀಪಿನ ಬಾಲ ಮರೆಯಾದದ್ದೇ ತಡ, ನಾಲ್ವರೂ ಪಕ್ಕದಲ್ಲಿದ್ದ ಹುಬ್ಬಳ್ಳಿ ಬಸ್ಸಿಗೆ ನುಗ್ಗಿದರು. ಆ ಬಸ್ಸು ಮತ್ತೆ ಹಟ್ಟಿಕೇರಿಯ ಮೇಲೇ ಹೋಗಬೇಕು, ಮತ್ತೆ ಅಂಕೋಲೆಯಲ್ಲೇ ನಿಲ್ಲಬೇಕು. ಬೇರೆ ದಾರಿಯಿಲ್ಲ ಎಂಬುದು ಮಂಗೇಶನಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಹಟ್ಟಿಕೇರಿಯ ಟೋಲ್ ನಾಕಾದಲ್ಲಿ ಬಸ್ಸು ನಿಂತಾಗ ಅವನು, "ತಲೆ ತಗ್ಗಿಸಿ!" ಎಂದ. ಕಲ್ಲಂಗಡಿ ಮಾರುವ ಕೇರಿಯ ಹೆಂಗಸರು ಕಿಟಕಿ ಕಿಟಕಿಗೆ ಬರುತ್ತಿದ್ದರು. ನಾಲ್ವರೂ ಸೀಟಿನ ಕೆಳಗೆ ಕುಸಿದರು.

"ಅಪ್ಪಾ, ವಿಮಾನದಲ್ಲೂ ಹೀಂಗೇ ಕೂರೂದಾ?" ಎಂದು ಸಂಕೇತ ಉತ್ಸಾಹದಿಂದ ಕೇಳಿದ.

ಕಂಡಕ್ಟರ್ ಬಗ್ಗಿ ನೋಡಿ, "ಎಂತ ಬಿದ್ದಿದ್ಯೋ?" ಎಂದ.

"ಮರ್ಯಾದೆ" ಎಂದಳು ಹೀರಾ. "ಸಿಕ್ರೆ ಕೊಡಿ."

ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ ಮಾತ್ರ ಮಂಗೇಶ ತಾನಾಗಿಯೇ ಸಿಕ್ಕಿಬಿದ್ದ. ಅವನ ರಜೆಗೆ ಬದಲಿಯಾಗಿ ಮೈಕಿನ ಮುಂದೆ ಕೂತವನು ರಾಮಾ, ಒಳ್ಳೆಯವನು, ಆದರೆ ಗಾಬರಿಗೆ ಬೀಳುವವನು. ಮಂಗೇಶ ಸೀಟಿನ ಕೆಳಗಿಂದಲೇ ಕೇಳುತ್ತಿದ್ದಂತೆ, ರಾಮಾನ ದನಿ ಹೊರಬಿತ್ತು: "ಹುಬ್ಬಳ್ಳಿಗೆ ಹೋಗುವ ಬಸ್ಸು, ಗೋಕರ್ಣ, ಕುಮಟಾ ಮಾರ್ಗವಾಗಿ..."

ಮಂಗೇಶ ತುಟಿ ಕಚ್ಚಿಕೊಂಡ. ಕಿವಿ ಮುಚ್ಚಿಕೊಂಡ. ರಾಮಾ ಅದನ್ನೇ ಇನ್ನೊಮ್ಮೆ ಹೇಳಿದ. ಗೋಕರ್ಣಕ್ಕೆ ಹೊರಟಿದ್ದ ಒಂದು ಅಜ್ಜಿ ಪಾತ್ರೆ ಪಗಡೆ ಸಮೇತ ಹುಬ್ಬಳ್ಳಿ ಬಸ್ಸು ಹತ್ತತೊಡಗಿದಳು. ಮಾನವಂತನಾದವನು ತನ್ನ ಮಾನ ಹೋದರೂ ಸಹಿಸಬಹುದು, ಕಸುಬಿನ ಮಾನ ಹೋಗುವುದನ್ನು ಸಹಿಸಲಾರ. ಮಂಗೇಶ ಎದ್ದು, ಸ್ವೆಟರು ಸಮೇತ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಗರ್ಜಿಸಿದ: "ಅಗಸೂರು, ಯಲ್ಲಾಪುರ ಮಾರ್ಗವಾಗಿ! ಯಲ್ಲಾಪುರ ಮಾರ್ಗವಾಗಿ ಮಾರಾಯಾ!"

ಇಡೀ ಬಸ್ ಸ್ಟ್ಯಾಂಡ್ ತಿರುಗಿತು. ರಾಮಾ ಗಾಜಿನ ಹಿಂದಿನಿಂದ ಕಣ್ಣರಳಿಸಿದ. ಮರುಗಳಿಗೆ ಮೈಕು ಮೊಳಗಿತು: "ಓಹೋ, ಮಂಗೇಶಣ್ಣಾ! ವಿಮಾನ ಹುಬ್ಬಳ್ಳಿಯಿಂದಲೋ? ಪ್ರಯಾಣಿಕರೇ ಕೇಳಿ, ನಮ್ಮ ಮಂಗೇಶಣ್ಣ ಇದೇ ಬಸ್ಸಿನಲ್ಲಿ ಜರ್ಮನಿಗೆ ಹೋಗ್ತಾ ಇದ್ದಾರೆ. ದಯವಿಟ್ಟು ದಾರಿ ಬಿಡಿ!"

ಜನ ಚಪ್ಪಾಳೆ ತಟ್ಟಿದರು. ಬೇರೆ ಬಸ್ಸಿನ ಡ್ರೈವರುಗಳು ಹಾರ್ನ್ ಹೊಡೆದರು. ಮಂಗೇಶ ಕಿಟಕಿಯಿಂದ ಕೈಬೀಸಿದ. ಬೇರೇನು ಮಾಡುವುದು?

ಬವೇರಿಯಾ ಮಾತ್ರ ಯಾರ ಮಾತಿಗೂ ಕಡಿಮೆಯಿರಲಿಲ್ಲ. ಘಟ್ಟದ ತಿರುವಿನಲ್ಲಿ ಇಳಿದು ಒಳಗೆ ಕಾಲಿಟ್ಟರೆ ಕಲ್ಲುಹಾಸಿನ ಬೀದಿ, ಬೀದಿಯ ಎರಡೂ ಬದಿ ಕೇಕಿನಂಥ ಮನೆಗಳು. ಬಾಗಿಲಲ್ಲಿ ಮೊಣಕಾಲಿನವರೆಗಿನ ತೊಗಲಿನ ಚಡ್ಡಿ, ಬಿಳಿ ಅಂಗಿ, ಗರಿ ಸಿಕ್ಕಿಸಿದ ಹಸಿರು ಟೋಪಿ ತೊಟ್ಟ ಗಟ್ಟಿಮುಟ್ಟಾದ ಗೃಹಸ್ಥನೊಬ್ಬ ನಿಂತಿದ್ದ. ಮೀಸೆ ತಿರುವಿ "ಗೂಟನ್ ಟಾಗ್" ಎಂದು ನಮಸ್ಕರಿಸಿದ. ಆಮೇಲೆ ಹತ್ತಿರದಿಂದ ನೋಡಿ, "ಅರೇ, ನೀವು ಬಸ್ ಸ್ಟ್ಯಾಂಡಿನ ಮೈಕಿನವ್ರಲ್ಲವ್ರಾ? ನಾ ಮಾದ, ಅಗಸೂರವ" ಎಂದ.

"ಈ ಚಡ್ಡಿ ಎಂತಾ ಮಾರಾಯಾ?"

"ಮೊದ್ಲು ನಾಚ್ಕೆ ಆಗಿತ್ತು" ಎಂದ ಮಾದ. "ಈಗ ಮನೆಲೂ ಇದೇ. ಗಾಳಿ ಚಲೋ ಆಡ್ತದೆ."

ಮಕ್ಕಳಿಗೆ ಹುಚ್ಚು ಹಿಡಿಯಿತು. ಗಂಟು ಹಾಕಿದ ಚಕ್ಕುಲಿಯಂಥ ರೊಟ್ಟಿ ತಿಂದರು. ಗಡಿಯಾರದಿಂದ ಮರದ ಗೊಂಬೆಗಳು ಹೊರಬಂದು ಕುಣಿಯುವುದನ್ನು ನೋಡಿ, ಮುಂದಿನ ಕುಣಿತದವರೆಗೆ ಅಲ್ಲೇ ಕುಕ್ಕುರುಗಾಲಲ್ಲಿ ಕೂತರು. ಮಾದ ಒಂದು ಆಳುದ್ದದ ಮರದ ಕಹಳೆ ತಂದು ಊದಿದ. ಅದು ಪ್ರವಾಸಿಗರ ಮನರಂಜನೆಗೆಂದು ತರಿಸಿದ್ದಾದರೂ ಹೆಚ್ಚಾಗಿ ಮಂಗಗಳನ್ನು ಓಡಿಸಲು ಬಳಕೆಯಾಗುತ್ತಿತ್ತು. ಹೀರಾ ಕೊನೆಗೂ ಸ್ವೆಟರು ಬಿಚ್ಚಿ, ಹೂವಿನ ಉಪ್ಪರಿಗೆಯಲ್ಲಿ ಕಾಲು ಚಾಚಿ, ಬೇರೆಯವರು ಮಾಡಿಕೊಟ್ಟ ಕಾಫಿ ಕುಡಿದಳು. ಮದುವೆಯಾದ ಮೇಲೆ ಅವಳು ಇಷ್ಟು ಹೊತ್ತು ಬೈಯದೆ ಕೂತಿದ್ದನ್ನು ಮಂಗೇಶ ನೋಡಿರಲಿಲ್ಲ.

ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಕೋಣೆಯಲ್ಲಿಟ್ಟ ಪೆಟ್ಟಿಗೆ ಘಮಘಮಿಸತೊಡಗಿತು. ಹಾದುಹೋಗುವವರೆಲ್ಲ ಬಾಗಿಲ ಮುಂದೆ ನಿಂತು ಮೂಗರಳಿಸಿದರು. ಒಂದು ಹಣ್ಣಿನ ಮೇಲೆ ಚುಕ್ಕೆ ಕಂಡಿತು.

"ಇವತ್ತಲ್ಲಾ ನಾಳೆ ಕೊಳೀತದೆ. ಎಂತ ಮಾಡ್ತ್ರಿ?" ಎಂದಳು ಹೀರಾ.

ಮಂಗೇಶ ಪೆಟ್ಟಿಗೆ ಹೊತ್ತು ಗಡಿಯಾರದ ಗೋಪುರದ ಕೆಳಗೆ ಬಂದು ಕೂತ. ಆ ಊರಿನಲ್ಲಿ ಫೋನಿಗೆ ಜೀವ ಬರುವುದು ಅಲ್ಲಿ ಮಾತ್ರ. ಬಂದ ಜೀವ ಕೂಡಲೇ ಬಾರಿಸಿತು. ಪರದೇಶದ ನಂಬರು, ವೀಡಿಯೋ ಕಾಲ್. ಒತ್ತಿದರೆ, ದುಂಡು ಮುಖದ, ಕಣ್ಣ ಕೆಳಗೆ ಕಪ್ಪಾದ ನಾಗಶ್ರೀ.

"ಮಂಗೇಶಣ್ಣಾ! ಎರಡು ದಿನದಿಂದ ಹಚ್ತಾ ಇದ್ದೆ. ಚಿಕ್ಕಮ್ಮ ನಂಬರ್ ಕೊಟ್ಲು. ಎಲ್ಲಿದ್ರಿ? ನಾ ಡ್ಯೂಟಿ ಬದಲು ಮಾಡ್ಕಂಡಿದ್ದೆ. ಯಾವ ವಿಮಾನ ಹೇಳಿ, ಮ್ಯೂನಿಕ್ ಏರ್‌ಪೋರ್ಟಿಗೇ ಬತ್ತೆ. ರೈಲಲ್ಲಿ ನಿಂತ್ಕಂಡಾದ್ರೂ ಬತ್ತೆ."

ತುಂಬು ಹೊಟ್ಟೆಯ ಹೆಂಗಸು ರೈಲಿನಲ್ಲಿ ನಿಂತುಕೊಂಡು, ಬಾರದ ವಿಮಾನಕ್ಕೆ ಕಾಯುವ ಚಿತ್ರ ಮಂಗೇಶನ ಕಣ್ಣಿಗೆ ಕಟ್ಟಿತು. ಸತ್ಯ ಹೇಳಲೇಬೇಕೆಂದು ಬಾಯಿ ತೆರೆದ. ಆದರೆ ಹೆದರಿಕೆಯಲ್ಲಿ ಅವನಿಗೆ ಬರುತ್ತಿದ್ದ ಭಾಷೆ ಒಂದೇ.

"ದಯವಿಟ್ಟು ಗಮನಿಸಿ" ಎಂದ ಮಂಗೇಶ. "ಮ್ಯೂನಿಕ್‌ಗೆ ಬರಬೇಕಾಗಿದ್ದ ಹಟ್ಟಿಕೇರಿಯ ಮಂಗೇಶನ ಕುಟುಂಬವು ಕಾರಣಾಂತರದಿಂದ ಅರಬೈಲ್ ಘಟ್ಟದಲ್ಲೇ ನಿಂತಿದೆ. ಮುಂದಕ್ಕೆ ಹೋಗುವುದಿಲ್ಲ. ಇದರಿಂದ ತಮಗೆ ಉಂಟಾದ ತೊಂದರೆಗೆ ವಿಷಾದಿಸುತ್ತೇವೆ."

ಮಂಗೇಶ ತಲೆ ತಗ್ಗಿಸಿ ಮಿಕ್ಕದ್ದನ್ನೆಲ್ಲ ಮಾಮೂಲು ದನಿಯಲ್ಲೇ ಹೇಳಿಬಿಟ್ಟ: ಕಟ್ಟೆಯ ಮೇಲಿನ ಮಾತು, ಅಗಸೂರು ಆಗ್ಸ್‌ಬರ್ಗ್ ಆದದ್ದು, ಹಣ್ಣಿನ ಪೆಟ್ಟಿಗೆ. "ನಿನ್ನ ಶಿಶು ಕಿವಿ ಸೋರಿದ್ರೆ ಅದರ ಪಾಪ ನನ್ನ ತಲೆ ಮೇಲೆ ತಂಗೀ" ಎಂದು ಮುಗಿಸಿದ.

ಅಷ್ಟರಲ್ಲಿ ಅವನ ಹಿಂದೆ ಉಪ್ಪರಿಗೆಯ ಮೇಲೆ ಮಂಗವೊಂದು ಕೆಂಪು ಹೂವುಗಳನ್ನು ಒಂದೊಂದಾಗಿ ಕಿತ್ತು ತಿನ್ನತೊಡಗಿತು. ತೊಗಲಿನ ಚಡ್ಡಿಯ ಮಾದ ಕಹಳೆ ಎತ್ತಿಕೊಂಡು, "ಹಚಾ! ಹಚಾ! ನಿನ್ನ ಮನೆ ಹಾಳಾಗ!" ಎಂದು ಓಡಿಬಂದ.

ಫೋನಿನೊಳಗಿಂದ ಕೀರಲು ದನಿ ಬಂತು. "ಅದು... ಅದು ನಮ್ಮ ಮಾದಣ್ಣ ಅಲ್ದಾ? ಚಡ್ಡಿಲಿ?"

ನಾಗಶ್ರೀ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅವಳು ಅಗಸೂರಿನಲ್ಲಿ ಹುಡುಗಿಯಾಗಿದ್ದಾಗ ಸೈಕಲ್ಲಿನಲ್ಲಿ ಶಾಲೆಗೆ ಬಿಡುತ್ತಿದ್ದವನು ಮಾದನೇ ಅಂತೆ. ಮಾದ ಫೋನಿನೊಳಗೆ ಮುಖ ತುರುಕಿ, "ಗೂಟನ್ ಟಾಗ್ ನಾಗೂ" ಎಂದ. ಅವಳು ಆ ಕಡೆಯಿಂದ ಅಚ್ಚ ಜರ್ಮನ್ನಿನಲ್ಲಿ ಏನೋ ಕೇಳಿದಳು. "ನಂಗೆ ಇಷ್ಟೇ ಬರೂದು, ಮುಂದೆ ಕೇಳ್ಬೇಡ" ಎಂದ ಮಾದ.

"ಕಿವಿ ಸೋರೂದೆಲ್ಲ ಸುಳ್ಳು ಮಂಗೇಶಣ್ಣಾ, ನರ್ಸ್ ಹೇಳ್ತೆ ಕೇಳಿ" ಎಂದಳು ನಾಗಶ್ರೀ ಕಣ್ಣೊರೆಸಿಕೊಂಡು. "ಆ ಹಣ್ಣು ಕೊಳೆಸ್ಬೇಡಿ. ಈಗಲೇ ತಿನ್ನಿ. ನನ್ನ ಎದುರಿಗೇ ತಿನ್ನಿ."

"ನಿನ್ನ ಬಯಕೆದು ನಾವು ತಿನ್ನೂದಾ?"

"ಇಲ್ಲೂ ಮಾವಿನಹಣ್ಣು ಸಿಗ್ತದೆ. ಚೌಕ ಚೌಕ ಕೊಯ್ದು ಡಬ್ಬಿಲಿ ಇಡ್ತ್ರು. ಕಡ್ಡಿ ಚುಚ್ಚಿ ತಿನ್ಬೇಕು. ಮೊಣಕೈ ತನಕ ರಸ ಇಳಿಸ್ಕಂಡು ಯಾರಾದ್ರೂ ತಿನ್ನೂದು ನೋಡ್ಬೇಕು ನಂಗೆ. ಮಕ್ಕಳನ್ನ ಕರೀರಿ."

ಮಕ್ಕಳನ್ನು ಕರೆಯಬೇಕಾಗಿರಲಿಲ್ಲ. ಫೋನನ್ನು ಗೋಪುರದ ಬುಡದ ಕಾರಂಜಿಯ ಕಟ್ಟೆಗೆ ಒರಗಿಸಿ ಎಲ್ಲರೂ ಸುತ್ತ ಕೂತರು. ಪ್ರೇಕ್ಷಾ ಹಣ್ಣಿನ ತೊಟ್ಟು ಕಚ್ಚಿ ಉಗುಳಿ, ಹಿಂಡಿ ಹಿಂಡಿ ಹೀರಿದಳು. ಸಂಕೇತ ಸಿಪ್ಪೆ, ಗೊರಟು, ಅಂಗಿ ಮೂರನ್ನೂ ಒಟ್ಟಿಗೆ ತಿಂದ. "ಗೊರಟು ಚೀಪು! ಇನ್ನೂ ಅದೆ ಅದ್ರಲ್ಲಿ!" ಎಂದು ನಾಗಶ್ರೀ ಆಗ್ಸ್‌ಬರ್ಗಿನಿಂದ ನಿರ್ದೇಶನ ಕೊಟ್ಟಳು. ಅವಳ ಕೈಯಲ್ಲಿ ಅಸಲಿ ಗಂಟುರೊಟ್ಟಿ ಇತ್ತು; ಇವರು ಒಂದು ಹಣ್ಣು ಕಚ್ಚಿದರೆ ಅವಳು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದಳು. ಹೀರಾ ತಿಂದಳು, ಮಾದ ಎರಡು ತಿಂದ. ಕೊನೆಯ ಹಣ್ಣನ್ನು ನಾಗಶ್ರೀ ಹಟ ಮಾಡಿ ಮಂಗೇಶನಿಂದಲೇ ತಿನ್ನಿಸಿದಳು. ಅವನು ಅದನ್ನು ಶಿಕ್ಷೆಯೆಂದು ತಿನ್ನಲು ಹೊರಟ. ಆದರೆ ಇಶಾಡ ಹಣ್ಣನ್ನು ಹಾಗೆ ತಿನ್ನುವುದು ಯಾರಿಗೂ ಸಾಧ್ಯವಿಲ್ಲ.

"ಚಿಕ್ಕಮ್ಮಂಗೆ ಹಣ್ಣು ಮುಟ್ಟಿತು ಅಂತ್ಲೇ ಹೇಳ್ತೆ. ನೀವು ಸುಮ್ನಿದ್ಬಿಡಿ" ಎಂದಳು ನಾಗಶ್ರೀ ಕೊನೆಗೆ.

ಮಂಗೇಶ ರಸದ ಕೈಯನ್ನೇ ಎದೆಗಿಟ್ಟುಕೊಂಡ. "ಬೇಡ ತಂಗೀ. ನಾನೇ ಹೇಳ್ತೆ. ಹೋದ ಕೂಡ್ಲೇ ಹೇಳ್ತೆ."

ಪ್ರೇಕ್ಷಾ ಅಪ್ಪನನ್ನು ನೋಡಿದಳು. ಈ ಸಲ ರೆಪ್ಪೆ ಬಡಿದಳು.

ಮಾರನೆಯ ದಿನ ಸಂಜೆ ನಾಲ್ವರೂ ಹಟ್ಟಿಕೇರಿಯಲ್ಲಿ ಬಸ್ಸಿಳಿದರೆ, ಕೇರಿಯ ಬಾಯಲ್ಲಿ ಬ್ಯಾನರ್ ಕಟ್ಟಿತ್ತು. 'ಜರ್ಮನಿ ಪ್ರವಾಸ ಮುಗಿಸಿ ಬಂದ ಹೆಮ್ಮೆಯ ಮಂಗೇಶರಿಗೆ ಸ್ವಾಗತ.' ಅದರಲ್ಲಿ 'ಜರ್ಮನಿ'ಯ ಮೇಲೆ ಬಿಳಿ ಕಾಗದ ಅಂಟಿಸಿ ಕೈಬರಹದಲ್ಲಿ 'ಅರಬೈಲ್' ಎಂದು ತಿದ್ದಿತ್ತು. ಕೆಳಗೆ ಉಮೇಶ ಹಾರ ಹಿಡಿದು ನಿಂತಿದ್ದ.

"ನಾಗಶ್ರೀ ಮನೆ ಗುಂಪಿಗೆ ಫೋಟೊ ಹಾಕಿಬಿಟ್ಲು. ಮಾದನ ಚಡ್ಡಿದು" ಎಂದ ಉಮೇಶ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಬ್ಯಾಂಕಾಕು ಮತ್ತೆ ಮೊದಲನೆಯ ಸ್ಥಾನಕ್ಕೆ ಬಂದಿತ್ತಲ್ಲ! "ಬ್ಯಾನರ್ ಮೊದ್ಲೇ ಮಾಡ್ಸಾಗಿತ್ತು. ಎಸೆಯೂಕೆ ಮನಸ್ಸು ಬರ್ಲಿಲ್ಲ. ಹಾರ ಹಾಕ್ಸ್ಕಾ."

ಹಾರ ಹಾಕಿಸಿಕೊಂಡೇ ಮಂಗೇಶ ನೆಟ್ಟಗೆ ದೇವಕಿಯ ಅಂಗಳಕ್ಕೆ ಹೋದ. ಹಿಂದೆ ಕೇರಿಯೂ ಹೋಯಿತು. ದೇವಕಿ ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. ಮಂಗೇಶ ಒಂದನ್ನೂ ಬಿಡದೆ ಮೊದಲಿನಿಂದ ಹೇಳಿದ.

"ನನ್ನ ಮರದ ಹಣ್ಣು ಮಾದ ತಿಂದ್ನಾ?" ಎಂದಳು ದೇವಕಿ, ಎಲ್ಲ ಕೇಳಿದ ಮೇಲೆ.

"ಎರಡು ತಿಂದ."

"ಎಂತ ಹೇಳ್ದ?"

"ಎಂತದೂ ಹೇಳ್ಲಿಲ್ಲ. ಟೋಪಿ ತೆಗೆದು ಕೆಳಗಿಟ್ಟ."

ದೇವಕಿ ಮೊರ ಪಕ್ಕಕ್ಕಿಟ್ಟಳು. "ಮೂರು ತಿಂಗಳಾಯ್ತು ಆ ಹುಡುಗಿ ಫೋನಲ್ಲಿ ನಗಾಡಿ" ಎಂದಳು ಅವಳು. "ನಿನ್ನೆ ಅವಳ ನಗೆ ತಡೀದೇ ನಾ ಫೋನು ದೂರ ಹಿಡೀಬೇಕಾಯ್ತು. ನೀ ಸುಳ್ಳುಬುರುಕ ಹೌದು. ಹೆಂಡತಿ ಮಕ್ಕಳ ಮುಖ ನೋಡಿ ಬಿಟ್ಟೆ." ಮೊರವನ್ನು ಮತ್ತೆ ಎಳೆದುಕೊಂಡು, ಅಕ್ಕಿಯಲ್ಲಿ ಇಲ್ಲದ ಕಲ್ಲೊಂದನ್ನು ಹುಡುಕುತ್ತ ಕೇಳಿದಳು: "ಬಪ್ಪೂ ಆಯ್ತವಾರ ಅಲ್ಲಿಗೆ ಬಸ್ಸಿದ್ಯಾ?"

ಬಸ್ಸಿತ್ತು. ಆ ಭಾನುವಾರ ಹಟ್ಟಿಕೇರಿಯ ಅರ್ಧ ಕೇರಿ ಬವೇರಿಯಾಕ್ಕೆ ಹೋಯಿತು. ಆನೆ ಅಂಗಿಯ ಉಮೇಶ, ನದಿಗಳ ಹೆಸರು ಹೇಳುತ್ತ ಸಂಧ್ಯಾ ಟೀಚರ್, ಕಲ್ಲಂಗಡಿಯ ಹೆಂಗಸರು, ಎಲ್ಲರೂ. ಕಲ್ಲುಹಾಸಿನ ಬೀದಿಯಲ್ಲಿ ದೇವಕಿ ಚಪ್ಪಲಿ ಕೈಯಲ್ಲಿ ಹಿಡಿದು, ದೇವಸ್ಥಾನದಲ್ಲಿ ನಡೆಯುವಂತೆ ನಡೆದಳು. ಪ್ರತಿ ಬಾಗಿಲಿನೊಳಗೂ ಇಣುಕಿದಳು. ರೊಟ್ಟಿಯ ಅಂಗಡಿಯವನಿಗೆ, "ಬಸುರಿಗೆ ಇದು ಉಷ್ಣ ಆಗ್ತದ್ಯಾ?" ಎಂದು ಕೇಳಿದಳು. ಉಪ್ಪರಿಗೆಯ ಮೆಟ್ಟಿಲನ್ನು ಕಾಲಿನಿಂದ ತಟ್ಟಿ ನೋಡಿ, "ಮಗು ಹಿಡ್ಕಂಡು ಇಳಿಯೂಕೆ ಇದು ಕಷ್ಟ" ಎಂದಳು. ಮಂಗೇಶ ಹಿಂದೆಯೇ ನಡೆದ.

ಗಡಿಯಾರದ ಗೋಪುರದ ಕೆಳಗೆ ಮಾದ ತನ್ನ ಗರಿಯ ಟೋಪಿಯನ್ನು ಅವಳ ತಲೆಗಿಟ್ಟ. ಪ್ರೇಕ್ಷಾ ಫೋನು ಹಚ್ಚಿ ಎದುರು ಹಿಡಿದಳು. ನಾಗಶ್ರೀಯ ಮುಖ ಮೂಡಿದ್ದೇ ತಡ ದೇವಕಿ ಗದರಿದಳು:

"ನಾಗೂ, ನಿಮ್ಮೂರಿಗೆ ಬಂದು ಆಯ್ತು ನಾನು. ನಾಲ್ಕು ಮನೆ ಬಾಗಿಲು ನೋಡ್ದೆ. ನೀ ಎಲ್ಲಿದ್ಯೇ?"

ನಾಗಶ್ರೀ ಬಾಯಿಗೆ ಕೈ ಅಡ್ಡ ಹಿಡಿದಳು. ನಕ್ಕಳೋ ಅತ್ತಳೋ ಅಷ್ಟು ಸಣ್ಣ ಪರದೆಯಲ್ಲಿ ತಿಳಿಯಲಿಲ್ಲ.

"ಅಲ್ಲೇ ನಿಂತ್ಕಾ ಚಿಕ್ಕಮ್ಮಾ" ಎಂದಳು. "ಬಂದೆ."

ದೇವಕಿ ಟೋಪಿ ಸರಿಮಾಡಿಕೊಂಡು, ಒಂದು ಗಳಿಗೆ, ನಿಜವಾಗಿಯೂ ಗೇಟಿನ ಕಡೆಗೆ ತಿರುಗಿ ನೋಡಿದಳು.